ಲೆಕ್ಕಕ್ಕೆ ಸಿಗದ ಉಡುಗೊರೆ

ಅಮೆರಿಕದಲ್ಲಿ ಮನೆ ಕೊಂಡವರಿಗೆ ರಿಯಲ್ ಎಸ್ಟೇಟ್ ಏಜೆಂಟರು ಒಂದು ಉಡುಗೊರೆ ಕೊಡೋದು ರೂಢಿ. ಕಾಗದಪತ್ರಕ್ಕೆಲ್ಲ ಸಹಿ ಬಿದ್ದು, ದುಡ್ಡು ಸಂದಾಯವಾಗಿ, ಕೀ ಕೈಗೆ ಬರುವ ಹಂತಕ್ಕೆ ಇಲ್ಲಿ ‘ಕ್ಲೋಸಿಂಗ್’ ಅಂತಾರೆ. ಅದಕ್ಕೇ ಇದರ ಹೆಸರು ಕ್ಲೋಸಿಂಗ್ ಗಿಫ್ಟ್. ಹಣ್ಣು-ಚಾಕೊಲೇಟಿನ ಬುಟ್ಟಿ, ವೈನ್ ಬಾಟಲಿ, ಹೊಸ್ತಿಲ ಮುಂದೆ ಹಾಸುವ ಮ್ಯಾಟ್, ಹಾರ್ಡ್‌ವೇರ್ ಅಂಗಡಿಯ ಗಿಫ್ಟ್ ಕಾರ್ಡು, ಏಜೆಂಟರ ಹೆಸರನ್ನೇ ಕೊರೆಸಿದ ಅಡುಗೆಮನೆ ಚಾಕು, ಹೀಗೆ ಏನಾದರೊಂದು.

2023ರಲ್ಲಿ ಡಲ್ಲಾಸ್ ಹತ್ತಿರ ನಾವು ಮನೆ ಕೊಂಡಾಗ ನಮಗೆ ಬಂದದ್ದು ಮರದ ಕಟಿಂಗ್ ಬೋರ್ಡ್. ಅದರ ಮೇಲೆ ಚೆಂದದ ಅಕ್ಷರಗಳಲ್ಲಿ ‘ದಿ ರಂಗಪ್ಪ ಫ್ಯಾಮಿಲಿ, 2023’ ಅಂತ ಕೊರೆಸಿದ್ದರು. ರಂಗಪ್ಪ ಅಂದ್ರೆ ನಮ್ಮಪ್ಪ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನಗೂ ಸರ್‌ನೇಮ್ ಅಂತ ಒಂದಿಲ್ಲ, ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರು ಕೂತಿದೆ. “ಮಾವನ ಹೆಸರಿನ ಮೇಲೆ ಈರುಳ್ಳಿ ಹೆಚ್ಚೋಕೆ ನನ್ನ ಕೈಲಾಗಲ್ಲಪ್ಪ” ಅಂದುಬಿಟ್ಟಳು ನನ್ನ ಹೆಂಡತಿ. ಹಾಗಾಗಿ ಅದು ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿದೆ. ದಿನಾ ಕಣ್ಣಿಗೆ ಬೀಳುತ್ತೆ. ದಿನಾ ಕಣ್ಣಿಗೆ ಬೀಳೋ ವಸ್ತು ಒಂದಲ್ಲ ಒಂದು ದಿನ ಪ್ರಶ್ನೆ ಕೇಳುತ್ತೆ: ಇದು ಉಡುಗೊರೆಯಾ? ಆಗಿದ್ದರೆ, ಇದಕ್ಕೆ ಪ್ರತಿಯಾಗಿ ನಾನು ಅವರಿಗೆ ಏನು ಕೊಡಬೇಕು?

ಸಿನಿಕರ ಉತ್ತರ ಸುಲಭ: ಅದು ನಿನ್ನದೇ ದುಡ್ಡು ಮಾರಾಯ. ಆಗಿನ ಪದ್ಧತಿಯಲ್ಲಿ ಎರಡೂ ಕಡೆಯ ಏಜೆಂಟರ ಕಮಿಷನ್ ಕೊಡುತ್ತಿದ್ದದ್ದು ಮಾರುವವರು, ಸಾಮಾನ್ಯವಾಗಿ ಎರಡೂ ಸೇರಿ ಶೇ 5-6. ಮಾರುವವರಿಗೆ ಆ ಹಣ ಬರೋದು ಎಲ್ಲಿಂದ? ಕೊಳ್ಳುವವನು ಕೊಟ್ಟ ಬೆಲೆಯಿಂದ. 4 ಲಕ್ಷ ಡಾಲರಿನ ಮನೆಗೆ ಶೇ 3 ಅಂದ್ರೂ 12 ಸಾವಿರ ಡಾಲರ್. ಅದರ ಮುಂದೆ ಒಂದು ಮರದ ಹಲಗೆ ಎಷ್ಟರದ್ದು? ಕೋರ್ಟಿನಲ್ಲಿ ಆದ ರಾಜಿಯಿಂದಾಗಿ 2024ರ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ಈಗ ಮನೆ ತೋರಿಸುವ ಮೊದಲೇ ಏಜೆಂಟರು ತಮ್ಮ ಶುಲ್ಕ ಎಷ್ಟು ಅಂತ ಕೊಳ್ಳುವವರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತೆರಿಗೆ ಇಲಾಖೆಯಂತೂ ಇಂಥ ಗಿಫ್ಟನ್ನು ವ್ಯಾಪಾರದ ಖರ್ಚು ಅಂತಲೇ ನೋಡುತ್ತೆ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 25 ಡಾಲರ್‌ವರೆಗೆ ಮಾತ್ರ ಲೆಕ್ಕದಲ್ಲಿ ತೋರಿಸಬಹುದು. 1962ರಲ್ಲಿ ಗೊತ್ತುಮಾಡಿದ ಆ ಮಿತಿ ಇನ್ನೂ ಬದಲಾಗಿಲ್ಲ.

ಆದ್ರೆ ಈ ವಾದ ನನಗೆ ಒಪ್ಪಿಗೆಯಾಗಲ್ಲ. ನನ್ನ ಸಂಬಳವೂ ಯಾರೋ ಗ್ರಾಹಕರು ಕೊಟ್ಟ ದುಡ್ಡೇ. ಆ ಸಂಬಳದಲ್ಲಿ ನಾನು ಅಮ್ಮನಿಗೆ ಸೀರೆ ತಂದರೆ ಅದನ್ನು ಗ್ರಾಹಕರು ಕೊಡಿಸಿದ್ದು ಅಂತ ಯಾರೂ ಅನ್ನಲ್ಲ. ಆಕೆ ಐದು ತಿಂಗಳು ಶನಿವಾರ-ಭಾನುವಾರ ನಮ್ಮನ್ನು ಕೂರಿಸಿಕೊಂಡು ಮನೆ ಮನೆ ಸುತ್ತಿದ್ದಾರೆ. ನಾವು ಕೊಳ್ಳದೇ ಹೋಗಿದ್ದರೆ ಅವರಿಗೆ ಬಿಡಿಗಾಸೂ ಇರಲಿಲ್ಲ. ದುಡಿದ ಮೇಲೆ ಅದು ಅವರ ದುಡ್ಡು.

ಹಾಗಾದ್ರೆ ಇದನ್ನು ಕೊಸರು ಅನ್ನೋಣವಾ? ಸೊಪ್ಪಿನವಳು ಎರಡು ಕಟ್ಟು ದಂಟಿನ ಸೊಪ್ಪು ಕೊಟ್ಟು, ದುಡ್ಡು ಎಣಿಸಿಕೊಂಡು, ಕೊನೆಗೆ ನಾಲ್ಕು ಎಳೆ ಕೊತ್ತಂಬರಿಯನ್ನೂ ಚೀಲಕ್ಕೆ ತುರುಕುತ್ತಾಳಲ್ಲ, ಅದು ಕೊಸರು. ಅದರಲ್ಲಿ ಮುಚ್ಚುಮರೆ ಏನಿಲ್ಲ, ನಾಳೆಯೂ ಬಾ ಅಂತ ಅರ್ಥ. ಇವತ್ತು ಕೊಟ್ಟ ಸೊಪ್ಪು ಕೊಳೆತಿದ್ದರೆ ನಾಳೆ ನಾನು ಪಕ್ಕದ ಗಾಡಿಗೆ ಹೋಗ್ತೀನಿ. ಲೆಕ್ಕ ಅಲ್ಲಿಗೆ ಚುಕ್ತಾ.

ಮನೆಯನ್ನು ನಾನು ನಾಳೆ ಮತ್ತೆ ಕೊಳ್ಳಲ್ಲ. ಇನ್ನು ಹತ್ತು ವರ್ಷ ನನ್ನಿಂದ ಆಕೆಗೆ ವ್ಯಾಪಾರವಿಲ್ಲ. ಮತ್ತೆ ಯಾಕೆ ಕೊಸರು? ಯಾಕಂದ್ರೆ ನಾಳೆ ಬರುವ ಗಿರಾಕಿ ನಾನಲ್ಲ, ನನ್ನ ಗೆಳೆಯ. ಉಡುಗೊರೆಯ ಮೇಲೆ ನನ್ನ ಹೆಸರಿದೆ, ಆದ್ರೆ ಅದರ ಕಣ್ಣಿರೋದು ಅವನ ಮೇಲೆ.

ಆ ಗೆಳೆಯ ಬಂದೇ ಬಂದ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆ ಮುರೀತಾ ಕೇಳಿದ: “ನಿಮ್ಮ ಏಜೆಂಟ್ ಹೇಗೆ ಗುರು? ಕಣ್ಣು ಮುಚ್ಚಿ ನಂಬಬಹುದಾ?” ಅವನಿಗೆ ಎರಡು ವರ್ಷದ ಮಗಳು, ಎಚ್-1ಬಿ ವೀಸಾ. ಇಷ್ಟು ವರ್ಷ ಉಳಿಸಿದ್ದನ್ನೆಲ್ಲ ಡೌನ್ ಪೇಮೆಂಟಿಗೆ ಸುರೀತಿದ್ದಾನೆ.

ಇಲ್ಲೊಂದು ಹಿನ್ನೆಲೆ ಹೇಳಬೇಕು. ನಾವು ಮೆಚ್ಚಿದ ಮನೆಗೆ ಇನ್ನೂ ನಾಲ್ಕು ಆಫರ್‌ಗಳಿದ್ದವು. “ಇನ್‌ಸ್ಪೆಕ್ಷನ್ ಬಿಟ್ಟುಬಿಡಿ, ಇಲ್ಲಾಂದ್ರೆ ಮನೆ ಕೈತಪ್ಪುತ್ತೆ” ಅಂತ ಆಕೆ ಎರಡು ಸಲ ಹೇಳಿದ್ದರು. ನಾವು ಬಿಡಲಿಲ್ಲ. ಉತ್ತರ ಟೆಕ್ಸಾಸಿನದು ಜೇಡಿಮಣ್ಣು. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ, ಜೊತೆಗೆ ಮನೆಯ ತಳಪಾಯವನ್ನೂ ಅಲುಗಾಡಿಸುತ್ತೆ. ಇನ್‌ಸ್ಪೆಕ್ಟರ್ ಬಂದು ನೋಡಿದಾಗ ಒಂದು ಮೂಲೆ ಕುಸಿದಿರೋದು ಗೊತ್ತಾಯಿತು. ಅದರ ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆವು.

ಆಕೆ ಮೋಸಗಾರ್ತಿ ಅಂತ ನಾನು ಹೇಳ್ತಿಲ್ಲ. ಲೆವಿಟ್ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಷಿಕಾಗೋ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಬೇರೆಯವರ ಮನೆಯಾದರೆ ಬೇಗ ಮುಗಿಸೋದೇ ಲಾಭ. ವ್ಯವಹಾರ ಮುಗಿದರಷ್ಟೇ ದುಡ್ಡು ಅನ್ನುವ ಕಸುಬಿನಲ್ಲಿ ಒಳ್ಳೆಯ ಮನುಷ್ಯರಿಗೂ ಅವಸರ ಇರುತ್ತೆ.

ಗೆಳೆಯ ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದ್ಯಾವುದೂ ಅಲ್ಲ, ಗೋಡೆಗೆ ಒರಗಿದ ಆ ಹಲಗೆ. ಅಪ್ಪನ ಹೆಸರು ಕೊರೆಸಿ ಕೊಟ್ಟವರ ಬಗ್ಗೆ ಎರಡು ಮಾತು ಆಡೋದಾ, ಅನ್ನುವ ಸಂಕೋಚ. ಲಂಚ ತಗೊಂಡವನಿಗೆ ತಾನು ತಗೊಂಡಿದ್ದೀನಿ ಅಂತ ಗೊತ್ತಿರುತ್ತೆ. ಉಡುಗೊರೆ ತಗೊಂಡವನಿಗೆ ಇಂಥ ಸಂಕೋಚವೂ ತನ್ನ ಒಳ್ಳೆಯ ಗುಣ ಅನಿಸುತ್ತೆ.

ಈ ಅಪಾಯ ಕಾನೂನಿಗೆ ಗೊತ್ತಿದೆ. 1974ರ ‘ರೆಸ್ಪಾ’ ಎಂಬ ಕೇಂದ್ರ ಕಾಯ್ದೆಯ ಪ್ರಕಾರ, ಗಿರಾಕಿಯನ್ನು ಕಳಿಸಿಕೊಟ್ಟದ್ದಕ್ಕೆ ಸಾಲ ಕೊಡುವ ಕಂಪನಿಯಾಗಲಿ, ಟೈಟಲ್ ಕಂಪನಿಯಾಗಲಿ ಏಜೆಂಟರಿಗೆ ಬೆಲೆಬಾಳುವ ಏನನ್ನೂ ಕೊಡುವಂತಿಲ್ಲ. ಕೊಟ್ಟವರು, ತಗೊಂಡವರು ಇಬ್ಬರೂ ತಪ್ಪಿತಸ್ಥರು. 10 ಸಾವಿರ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಕೆಲಸ ಮುಗಿದ ಮೇಲೆ ಸುಮ್ಮನೆ ವಿಶ್ವಾಸಕ್ಕೆ ಗ್ರಾಹಕನಿಗೆ ಕೊಡುವ ಉಡುಗೊರೆಗೆ ಮಾತ್ರ ಅಡ್ಡಿಯಿಲ್ಲ. ಅದನ್ನು ಕಾನೂನು ನಮ್ಮ ನಮ್ಮ ಮನಸ್ಸಾಕ್ಷಿಗೆ ಬಿಟ್ಟಿದೆ.

ಮನಸ್ಸಾಕ್ಷಿಯ ಈ ಲೆಕ್ಕಕ್ಕೆ ನನಗೆ ದಾರಿ ತೋರಿಸಿದ್ದು ನಮ್ಮೂರಿನ ಮುಯ್ಯಿ ಪುಸ್ತಕ. ಮದುವೆಮನೆಯ ಬಾಗಿಲಲ್ಲಿ ಒಬ್ಬ ದೊಡ್ಡಪ್ಪನೋ ಮಾವನೋ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದರು. ಇಂಥವರು 101 ರೂಪಾಯಿ, ಇಂಥವರು ಸ್ಟೀಲ್ ಕೊಳಗ. ಕಾಲೇಜಿನ ದಿನಗಳಲ್ಲಿ ಅದನ್ನು ಕಂಡರೆ ನನಗೆ ಮುಜುಗರ. ಪ್ರೀತಿಯನ್ನೂ ಲೆಕ್ಕ ಬರೆದಿಡ್ತಾರಲ್ಲ ಅಂತ. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದದ್ದರ ಸಾರವೂ ಇದೇ: ಕೊಡಬೇಕು, ತಗೋಬೇಕು, ತಿರುಗಿ ಕೊಡಬೇಕು. ಮೂರಕ್ಕೂ ಸಮಾಜದ ಒತ್ತಾಯವಿದೆ. ನಮ್ಮವರಿಗೆ ಅದು ಗೊತ್ತಿತ್ತು, ಅದಕ್ಕೇ ಬರೆದಿಟ್ಟರು.

ಬರೆದಿಡೋದರಲ್ಲಿ ಒಂದು ದೊಡ್ಡ ಉಪಕಾರವಿದೆ ಅನ್ನೋದು ಈಗ ತಿಳೀತಿದೆ. ಬರೆದ ಋಣಕ್ಕೆ ಒಂದು ಅಳತೆ ಇರುತ್ತೆ. 101 ಕೊಟ್ಟವರ ಮನೆ ಮದುವೆಗೆ 151 ಕೊಟ್ಟು ಬಂದರೆ ಮುಗೀತು. ನೂರೊಂದು ಕೊಟ್ಟಿದ್ದಾರೆ ಅಂತ ಅವರ ಪರವಾಗಿ ಪಂಚಾಯ್ತಿಯಲ್ಲಿ ಸುಳ್ಳು ಸಾಕ್ಷಿ ಹೇಳಬೇಕಾಗಿಲ್ಲ. ಅಳತೆಯಿಲ್ಲದ ಋಣವೇ ಕಷ್ಟ. ಎಷ್ಟು ಕೊಟ್ಟರೆ ತೀರುತ್ತೆ ಅಂತ ಗೊತ್ತಾಗದೆ, ನಮಗೆ ಗೊತ್ತಿಲ್ಲದ ಹಾಗೆ ನಮ್ಮ ಮಾತನ್ನೇ ಕೊಟ್ಟುಬಿಡ್ತೀವಿ. ಆ ಮಾತನ್ನು ನಂಬಿ ದುಡ್ಡು ಹಾಕುವವನು ಇನ್ಯಾರೋ.

ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡ ನಿಮಗೂ ಇದು ಹೊಸದಲ್ಲ. ಕೀ ಕೊಡುವ ದಿನ ಬಿಲ್ಡರ್ ಕಡೆಯಿಂದ ಗಣೇಶನ ವಿಗ್ರಹವೋ, ಬ್ರೋಕರ್ ಕಡೆಯಿಂದ ಸ್ವೀಟ್ ಬಾಕ್ಸೋ ಬಂದಿರಬಹುದು. ಧಾರಾಳವಾಗಿ ತಗೊಳ್ಳಿ. ಬಂದ ಉಡುಗೊರೆಯನ್ನು ಅನುಮಾನದಿಂದ ನೋಡುತ್ತಾ ಬದುಕೋದು ಬದುಕಲ್ಲ. ಕೊಟ್ಟವರ ಮನಸ್ಸಲ್ಲಿ ವ್ಯಾಪಾರದ ಜೊತೆಗೆ ನಿಮ್ಮ ಬಗ್ಗೆ ಸಂತೋಷವೂ ಇದ್ದಿರಬಹುದು. ಆದ್ರೆ ನಾಳೆ ಸಹೋದ್ಯೋಗಿ ಬಂದು “ಆ ಬಿಲ್ಡರ್ ಹೇಗೆ?” ಅಂತ ಕೇಳಿದರೆ, ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದ್ದನ್ನೂ ಹೇಳಿ.

ನಾವು ನಮ್ಮ ಏಜೆಂಟರಿಗೆ ಥ್ಯಾಂಕ್ಸ್ ಕಾರ್ಡ್ ಬರೆದೆವು, ದೀಪಾವಳಿಗೆ ಒಂದು ಡಬ್ಬಿ ಮೈಸೂರುಪಾಕು ಮುಟ್ಟಿಸಿದೆವು. ಹಲಗೆಯ ಲೆಕ್ಕ ಅಲ್ಲಿಗೆ ಸಮ. ಗೆಳೆಯನಿಗೆ ಹೇಳಿದ್ದು ಇಷ್ಟು: ಹೇಳಿದ ಹೊತ್ತಿಗೆ ಬರ್ತಾರೆ, ಕಾಗದಪತ್ರದಲ್ಲಿ ಪಕ್ಕಾ, ಮಾತು ಮೃದು. ಆದ್ರೆ ಆಫರ್ ಹಾಕುವಾಗ ಅವಸರ ಮಾಡ್ತಾರೆ, ಇನ್‌ಸ್ಪೆಕ್ಷನ್ ಮಾತ್ರ ಬಿಡಬೇಡ.

ಅವನು ಅವರನ್ನೇ ಇಟ್ಟುಕೊಂಡ. ಇನ್‌ಸ್ಪೆಕ್ಷನ್ ಬಿಡಲಿಲ್ಲ. ಮುಂದಿನ ತಿಂಗಳು ಗೃಹಪ್ರವೇಶ. ಏನು ಒಯ್ಯೋದು ಅಂತ ನಮ್ಮನೇಲಿ ಚರ್ಚೆ ನಡೀತಿದೆ. ನಮ್ಮ ಗೃಹಪ್ರವೇಶಕ್ಕೆ ಅವರು ಏನು ತಂದಿದ್ದರು ಅಂತ ಹೆಂಡತಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾಳಂತೆ.