ಭಾವನ ಸೂಟ್‌ಕೇಸು

ಅಮೆರಿಕದಿಂದ ಯಾರಾದರೂ ಬರುತ್ತಾರೆಂದರೆ ನಮ್ಮಂಥ ಮನೆಗಳಲ್ಲಿ ತರಬೇಕಾದ ಸಾಮಾನಿನ ಪಟ್ಟಿ ಮೊದಲು ಸಿದ್ಧವಾಗುತ್ತದೆ. ಹೋದ ವರ್ಷ ಅಕ್ಕ-ಭಾವ ಟೆಕ್ಸಾಸ್‌ನಿಂದ ಪುಣೆಗೆ ಬರುವಾಗ ನನ್ನ ಪಟ್ಟಿಯಲ್ಲಿದ್ದದ್ದು ಒಂದೇ ವಸ್ತು: ರೈಫಲ್ ಸ್ಕೋಪು. ಭಾನುವಾರ ಏರ್ ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುವ ಹವ್ಯಾಸ ನನ್ನದು. (ಒಲಿಂಪಿಕ್ಸ್‌ನ ಹತ್ತು ಮೀಟರ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಸೈಟಿನಲ್ಲಿ ನೋಡಿ. ನನ್ನದು ಬರೀ ಶೋಕಿ.) ಸುಂಕ, ಜಿಎಸ್‌ಟಿ, ಆಮದು ಮಾಡುವವನ ಲಾಭ ಎಲ್ಲ ಸೇರಿ ಇಲ್ಲಿ ನಾನು ವಿಚಾರಿಸಿದ ಬೆಲೆ ಅಲ್ಲಿಯದರ ಹೆಚ್ಚುಕಡಿಮೆ ಎರಡರಷ್ಟಿತ್ತು.

"ಒಂದು ಪಾರ್ಸೆಲ್ ಬರುತ್ತೆ ಭಾವ, ಬೈನಾಕ್ಯುಲರ್ ಥರದ್ದು. ಸೂಟ್‌ಕೇಸಲ್ಲಿ ಹಾಕ್ಕೊಂಡು ಬನ್ನಿ" ಎಂದಿದ್ದೆ.

'ಥರದ್ದು' ಎನ್ನುವ ಮಾತಿನಲ್ಲಿಯೇ ನನ್ನ ಕಳ್ಳತನ ಇತ್ತು. ಅಮೆರಿಕದ ರಫ್ತು ನಿಯಮಗಳಲ್ಲಿ ಬಂದೂಕಿನ ಸ್ಕೋಪುಗಳಿಗೆ 0ಎ504 ಎಂಬ ಪ್ರತ್ಯೇಕ ವರ್ಗವೇ ಇದೆ. ಎಷ್ಟೋ ದೇಶಗಳಿಗೆ ಕಳಿಸಲು ವಾಣಿಜ್ಯ ಇಲಾಖೆಯ ಲೈಸೆನ್ಸ್ ಬೇಕು. ಸೂಟ್‌ಕೇಸಿನಲ್ಲಿ ಒಯ್ದರೂ ಅದು ರಫ್ತೇ. ಆರ್ಡರ್ ಮಾಡುವಾಗ ಇದನ್ನೆಲ್ಲ ಓದಿಯೇ ಇದ್ದೆ.

ಓದಿ, ನನ್ನೊಳಗೇ ವಾದ ಹೂಡಿದೆ. ಹಕ್ಕಿ ನೋಡುವವನ ಬೈನಾಕ್ಯುಲರಿಗೆ ಯಾರೂ ತಕರಾರು ಮಾಡುವುದಿಲ್ಲ, ಇದರಲ್ಲೂ ಅಂಥದೇ ಗಾಜು, ಜೊತೆಗೆ ಎರಡು ಗೆರೆ ಅಷ್ಟೆ. ಆದರೆ ಆ ಗೆರೆಗಳಿರುವುದು ಗುರಿಯಿಡುವುದಕ್ಕೇ. ವಸ್ತು ನಾಲ್ಕು ಕೈ ದಾಟಿದ ಮೇಲೆ ಎದುರಿಗಿರುವುದು ಕಾಗದವೋ ಮನುಷ್ಯನೋ ಎಂದು ನಿಯಮ ಬರೆದವರಿಗೆ ಹೇಗೆ ಗೊತ್ತಾಗಬೇಕು?

ನಿಯಮ ಮೂರ್ಖತನದ್ದೇ ಎಂದಿಟ್ಟುಕೊಳ್ಳೋಣ. ಮುರಿಯುವವನು ನಾನಾಗಿರಲಿಲ್ಲವಲ್ಲ! 1930ರಲ್ಲಿ ದಾಂಡಿಯಲ್ಲಿ ಗಾಂಧಿ ಉಪ್ಪನ್ನು ತಾವೇ ಬಗ್ಗಿ ಎತ್ತಿದರು. ಭಾವನ ಕೈಲಿ ತರಿಸಲಿಲ್ಲ. ಉಳಿಯುವ ದುಡ್ಡು ನನ್ನದು, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವರು ಅವರು. ಅವರ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಹೊರುವುದೇನೆಂದು ತಿಳಿದಿದ್ದರೆ ಬೇಡ ಎನ್ನಬಹುದಿತ್ತು. ಆ 'ಬೇಡ'ವನ್ನೇ ನಾನು ಅವರಿಂದ ಕಿತ್ತುಕೊಂಡಿದ್ದೆ.

ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ, "ಅದು ಬೈನಾಕ್ಯುಲರ್ ಅಲ್ಲ ಭಾವ" ಎಂದೆ.

"ಡಬ್ಬಿ ಮೇಲೇ ಚಿತ್ರ ಇದೆಯಲ್ಲೋ. ನೀನೇ ಹೇಳ್ತೀಯೇನೋ ಅಂತ ಸುಮ್ಮನಿದ್ದೆ" ಎಂದರು.

ಸ್ಕೋಪನ್ನು ಅಂಗಡಿಗೇ ವಾಪಸ್ ಕಳಿಸಿದರು. ಅದರ ಖರ್ಚು ನನ್ನ ತಲೆಗೆ. ಸೂಟ್‌ಕೇಸಿನ ಆ ಜಾಗದಲ್ಲಿ ಅಕ್ಕ ಬಾದಾಮಿ ತುಂಬಿದ್ದಳು.