ಕೂಲಿಯವನ ಕಾಯಿಲೆ, ಮಾಲೀಕನ ನಾಲಗೆ

ದೊಡ್ಡಬಳ್ಳಾಪುರದಲ್ಲಿ ಜುಮಾ ನಮಾಜ್ ಮುಗಿದ ಮೇಲೆ ಮಗ್ಗದ ಮಾಲೀಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಹಜರತ್, ಹೊಸದಾಗಿ ಸೇರಿದ ಹುಡುಗನಿಗೆ ಫಿಟ್ಸ್ ಬರುತ್ತದಂತೆ. ಸೇರುವಾಗ ಹೇಳಲಿಲ್ಲ. ಅವನನ್ನು ಕೇಳುವ ಹಕ್ಕು ನನಗಿದೆಯೋ ಇಲ್ಲವೋ?"

"ನಿಮಗೆ ಯಾರು ಹೇಳಿದರು?" ಎಂದೆ.

"ಟೀ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು."

ಪ್ರಿಯ ಸಹೋದರರೇ, ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಮದ್‌ಯನ್‌ನ ವೃದ್ಧರ ಮಗಳು ಹ. ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸೂಚಿಸುವಾಗ ಎರಡು ಗುಣಗಳನ್ನು ಮುಂದಿಡುತ್ತಾಳೆ: ಶಕ್ತಿ ಮತ್ತು ಪ್ರಾಮಾಣಿಕತೆ. ಆದ್ದರಿಂದ ಕೆಲಸಕ್ಕೆ ಬೇಕಾದ ದೇಹಬಲವಿದೆಯೇ ಎಂದು ವಿಚಾರಿಸುವುದು ತಪ್ಪಲ್ಲ. ಓಡುವ ಮಗ್ಗದ ಮೇಲೆ ಎಚ್ಚರ ತಪ್ಪಿ ಬಿದ್ದರೆ ಕೈ ಹೋದೀತು, ಜೀವವೂ ಹೋದೀತು. ಇಲ್ಲಿ ಕೇಳದಿರುವುದೇ ತಪ್ಪು. ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳಲ್ಲಿ ಕಾರ್ಮಿಕರ ವೈದ್ಯಕೀಯ ತಪಾಸಣೆಯ ಹೊಣೆಯನ್ನು 1987ರ ತಿದ್ದುಪಡಿಯೇ ಮಾಲೀಕನ ಮೇಲೆ ಹೊರಿಸಿತ್ತು.

ಕಾರ್ಮಿಕನು ಮುಚ್ಚಿಡುವುದೂ ಸರಿಯಲ್ಲ. ಒದ್ದೆ ಧಾನ್ಯವನ್ನು ರಾಶಿಯ ಒಳಗಿಟ್ಟ ವ್ಯಾಪಾರಿಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆ ನಮಗೆಲ್ಲ ಗೊತ್ತು. ಆದರೆ ಈ ಹುಡುಗ ಏಕೆ ಮುಚ್ಚಿಟ್ಟ? ಹೇಳಿದರೆ ಅನ್ನ ಹೋಗುತ್ತದೆಂದು. ಆ ಭಯ ಹುಟ್ಟಿಸಿದವರು ಯಾರು?

ಕೆಲಸಕ್ಕೆ ಸಂಬಂಧವೇ ಇಲ್ಲದ್ದನ್ನು ಕೆದಕುವ ಮಾತು ಬೇರೆ. ಅಲ್‌ಹುಜುರಾತ್ ಅಧ್ಯಾಯವು ಇತರರ ಗುಟ್ಟು ಹುಡುಕುವುದನ್ನೂ ಪರದೂಷಣೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. ಮೊದಲನೆಯದು ಎರಡನೆಯದಕ್ಕೆ ಬಾಗಿಲು. ಜೀವ ವಿಮಾ ನಿಗಮವು ಕೆಲಸಕ್ಕೆ ಸೇರುವ ಮಹಿಳೆಯರಿಂದ ಮುಟ್ಟು, ಗರ್ಭ, ಗರ್ಭಪಾತಗಳ ವಿವರ ಬರೆಸಿಕೊಳ್ಳುತ್ತಿತ್ತು. ಹೆರಿಗೆ ರಜೆ ಮುಗಿಸಿ ಬಂದ ಒಬ್ಬಾಕೆಯನ್ನು ತೆಗೆದುಹಾಕಿ, ಆಕೆ ಸುಳ್ಳು ಬರೆದಿದ್ದಳೆಂದು ವಾದಿಸಿತು. 1991ರಲ್ಲಿ ಸುಪ್ರೀಂ ಕೋರ್ಟು ಆಕೆಯನ್ನು ಪುನಃ ಸೇರಿಸಿಕೊಳ್ಳಲು ಆದೇಶಿಸಿ, ಆ ಕಾಲಮುಗಳನ್ನು ತೆಗೆಯುವಂತೆ ನಿಗಮಕ್ಕೆ ಹೇಳಿತು. ಲಜ್ಜೆಯು ಈಮಾನಿನ ಭಾಗವೆಂದು ಕಲಿತ ನಾವು ಇದನ್ನು ನ್ಯಾಯಾಲಯದಿಂದ ಕಲಿಯಬೇಕಾಗಿರಲಿಲ್ಲ. ಎಚ್‌ಐವಿ ಪರೀಕ್ಷೆಯನ್ನು ಕೆಲಸದ ಶರತ್ತಾಗಿಸುವುದನ್ನೂ 2017ರ ಕಾಯ್ದೆ ನಿಷೇಧಿಸಿದೆ.

ಹ. ಅಬೂದರ್ರ್(ರ) ಅಧಿಕಾರದ ಹುದ್ದೆ ಕೇಳಿದಾಗ ಪ್ರವಾದಿವರ್ಯರು(ಸ) ಅವರ ಭುಜ ತಟ್ಟಿ, ಇದಕ್ಕೆ ನೀವು ದುರ್ಬಲರು, ಇದು ಅಮಾನತ್ತು ಎಂದು ನೇರವಾಗಿ ತಿಳಿಸಿದರು. ಆ ಕೆಲಸ ಅವರಿಗೆ ಸಿಗಲಿಲ್ಲ, ಆದರೆ ಅವರ ಗೌರವ ಕುಂದಲಿಲ್ಲ.

ಇಷ್ಟನ್ನೂ ಆ ಮಾಲೀಕರಿಗೆ ಹೇಳಿದೆ. "ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಡಾಕ್ಟರು ಮಗ್ಗ ಬೇಡವೆಂದರೆ ಸೀರೆ ಮಡಚುವ ಕೆಲಸ ಕೊಡಿ. ವಿಷಯ ನಿಮ್ಮ ಮುನ್ಷಿಗೂ ತಿಳಿಯಬಾರದು."

ಅವರು ಚಪ್ಪಲಿ ಹುಡುಕುತ್ತಾ, "ಮಡಚುವವರಿಗೆ ಕೂಲಿ ಕಡಿಮೆ ಹಜರತ್" ಎಂದರು. ಯಾರು ನಿಗದಿ ಮಾಡಿದ್ದು ಎಂದು ಕೇಳಿದೆ. ಮುಂದಿನ ಜುಮಾಕ್ಕೆ ಹೇಳುತ್ತೇನೆ ಎಂದು ಹೋದರು.