ಸಂಖ್ಯೆಯ ಗುಣವೂ ಬರಹದ ಗುಣವೂ

ನೆರೆಯ ರಾಯಬಾಗವೇ ಹನ್ನೆರಡನೆಯ ಶತಮಾನದ ಕನ್ನಡ ಗಣಿತಕವಿ ರಾಜಾದಿತ್ಯನ ಪೂವಿನಬಾಗೆಯೆಂದು ವಿದ್ವಾಂಸರು ಹೇಳುವುದರಿಂದ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮಗೆ ಗಣಿತವು ಹೊರಗಿನ ವಿದ್ಯೆಯೇನಲ್ಲ. ರಾಜಾದಿತ್ಯನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ, ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಗುಣಾಕಾರವುಂಟು: ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಬರುವುದು. ಒಂದರಿಂದ ಆರರವರೆಗೆ ಏರಿ, ಏರಿದ ಮೆಟ್ಟಿಲುಗಳಲ್ಲಿಯೇ ಇಳಿಯುವ ಈ ಸಂಖ್ಯೆಯನ್ನು ಯಾವ ಕಡೆಯಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳಲ್ಲಿ ಕೆಲವನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿರುವನು.

ಈ ಚೆಲುವು ಸಂಖ್ಯೆಯದೋ, ನಮ್ಮ ಬರಹದ್ದೋ? ನಾವು ಹತ್ತರ ಮಾನದಲ್ಲಿ ಬರೆಯುವೆವು. ೧೯೫೭ರ ವರೆಗೆ ರೂಪಾಯಿಗೆ ಹದಿನಾರು ಆಣೆಯೆಂದು ಎಣಿಸುತ್ತಿದ್ದ ನಮ್ಮ ಹಿರಿಯರು ಅಂಕಸ್ಥಾನಗಳನ್ನೂ ಹದಿನಾರರಿಂದಲೇ ಏರಿಸಿದ್ದರೆ, ಇದೇ ಸಂಖ್ಯೆಯ ಮೊದಲಂಕೆ ೨, ಕಡೆಯಂಕೆ ೧ ಆಗಿ ಹಾರವು ಹರಿದುಹೋಗುತ್ತಿದ್ದಿತು. ಆದರೆ ಅದು ವರ್ಗಸಂಖ್ಯೆಯೆಂಬುದೂ, ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳನ್ನು ಎರಡೆರಡು ಸಲ ಗುಣಿಸಿದ ಫಲವೆಂಬುದೂ ಯಾವ ಬರಹದಲ್ಲಿಯೂ ಅಳಿಯದು.

ಕ್ರಿಸ್ತಶಕ ನೂರರ ಸುಮಾರಿನ ಗ್ರೀಕ ಪಂಡಿತ ನಿಕೋಮಾಕಸನು ಇನ್ನೊಂದು ವಿಂಗಡಣೆಯನ್ನು ಹೇಳಿರುವನು. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಬೇಕು. ಮೊತ್ತವು ಸಂಖ್ಯೆಗೆ ಸಮನಾದರೆ ಪೂರ್ಣ, ಕಡಿಮೆಯಾದರೆ ನ್ಯೂನ, ಮೀರಿದರೆ ಅಧಿಕ. ಆರು ಪೂರ್ಣವು; ೧, ೨, ೩ ಕೂಡಿದರೆ ಆರೇ. ಇವನ್ನು ಅವನು ಸಮಸಂಖ್ಯೆಗಳ ಭೇದಗಳೆಂದೇ ಎಣಿಸಿದನು. ಅಷ್ಟಕ್ಕೆ ನಿಲ್ಲದೆ, ಪೂರ್ಣವನ್ನು ಸದ್ಗುಣಕ್ಕೂ, ಅಧಿಕವನ್ನು ಮಿತಿಮೀರಿದ ಅವಯವಗಳುಳ್ಳ ಪ್ರಾಣಿಗೂ, ನ್ಯೂನವನ್ನು ಅಂಗಹೀನ ಪ್ರಾಣಿಗೂ ಹೋಲಿಸಿದನು. ನಮ್ಮ ಹಾರದ ಸಂಖ್ಯೆಗಾದರೋ ಇಂತಹ ಭಾಜಕಗಳು ೨೪೨. ಅವುಗಳ ಮೊತ್ತ ೧೩೦೨೯೮೭೦೬೭೨. ಅದು ವಿಷಮವಾಗಿದ್ದೂ ಅಧಿಕ! ಮಾನ್ಯಖೇಟದ ಕಂಠಾಭರಣವು ಗ್ರೀಕರ ಪಟ್ಟಿಯಲ್ಲಿ ವಿಕಾರಪ್ರಾಣಿಯಾಯಿತು.

ಇಲ್ಲಿ ಅಧಿಕವೆಂಬುದು ಸಂಖ್ಯೆಯ ಸ್ವಂತ ಗುಣ. ಹಾರವೆಂಬುದು ಹತ್ತರ ಮಾನದ ಕೊಡುಗೆ. ವಿಕಾರವೆಂಬುದು ನಿಕೋಮಾಕಸನ ಮನಸ್ಸಿನದು. ಈ ಮೂರೂ ಒಂದೇ ಉಸಿರಿನಲ್ಲಿ ಹೇಳಲ್ಪಡುವುದರಿಂದ ಮೂರೂ ಒಂದೇ ಬಗೆಯ ಸತ್ಯವೆಂದು ತೋರುತ್ತವೆ. ಸಂಖ್ಯೆಗೆ ಇದರಿಂದ ನೋವಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಹಾಗಲ್ಲ. ಬಹುಕಾಲ ನಡೆದುಬಂದ ೩೫ರ ಗೆರೆಯನ್ನೇ ವಾಚಕರು ನೆನೆಯಲಿ. ಹುಡುಗನೊಬ್ಬನಿಗೆ ಗಣಿತದಲ್ಲಿ ೩೪ ಬಂದಿತೆಂಬುದು ನಡೆದ ಸಂಗತಿ. ನಾಪಾಸಾದನೆಂಬುದು ನಾವೆಳೆದ ಗೆರೆಯ ಮಾತು. ದಡ್ಡನೆಂಬುದನ್ನು ಮಾತ್ರ ಯಾವ ಅಂಕಪಟ್ಟಿಯೂ ಹೇಳಿರುವುದಿಲ್ಲ. ಗೆರೆಯೇ ಬೇಡವೆಂದು ನಮ್ಮ ವಾದವಲ್ಲ. ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿಸುವವರು ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಆದರೆ ಫಲಿತಾಂಶದ ದಿನ ಆ ಮೂರನೆಯ ಮಾತನ್ನು ಆಡುವವರು ಪರೀಕ್ಷಾಧಿಕಾರಿಗಳಲ್ಲ. ಅದು ಹೊರಡುವುದು ಮನೆಯ ಪಡಸಾಲೆಯಿಂದ.